ಸಣ್ಣ ಕಾರ್ಖಾನೆಯಲ್ಲಿ ತಂತ್ರಾಂಶ ಅಪ್ರೆಂಟಿಸ್: ವಿದ್ಯಾರ್ಥಿನಿಯೊಬ್ಬಳ ಒಂದು ವರ್ಷ ಮತ್ತು ಉದ್ದಿಮೆದಾರರ ಲೆಕ್ಕ

ತಂತ್ರಾಂಶ ಅಭಿವೃದ್ಧಿ ಎಂದೊಡನೆ ಬೆಂಗಳೂರಿನ ದೊಡ್ಡ ಕಂಪನಿಗಳ ಚಿತ್ರ ಕಣ್ಣ ಮುಂದೆ ಬರುವುದು ಸಹಜ. ಆದರೆ ಮೂವತ್ತು-ನಲವತ್ತು ಜನರು ದುಡಿಯುವ ಸಣ್ಣ ಕಾರ್ಖಾನೆಗಳಲ್ಲಿಯೂ ಇಂದು ತಂತ್ರಾಂಶದ ಕೆಲಸ ಸಾಕಷ್ಟಿದೆ. ಮಾರುಕಟ್ಟೆಯಲ್ಲಿ ಸಿದ್ಧವಾಗಿ ದೊರೆಯುವ ಲೆಕ್ಕಪತ್ರ ತಂತ್ರಾಂಶಗಳು ಕಿರ್ದಿ-ಖಾತೆಗಳನ್ನು ಚೆನ್ನಾಗಿಯೇ ನಿರ್ವಹಿಸುತ್ತವೆ. ಆದರೆ ಜಾಬ್ ವರ್ಕಿಗೆಂದು ಹೊರಗೆ ಹೋದ ಮಾಲು ಎಲ್ಲಿದೆ, ಎಷ್ಟು ಮರಳಿತು, ಎಷ್ಟು ಉಳಿದಿದೆ ಎಂಬ ವಿವರ ಹಲವೆಡೆ ಇನ್ನೂ ಸ್ಟೋರ್‌ಕೀಪರರ ನೆನಪಿನಲ್ಲಿಯೇ ಇದೆ. ಇಂತಹ ಕೆಲಸಕ್ಕೆ ಪದವಿ ಓದುತ್ತಿರುವ ವಿದ್ಯಾರ್ಥಿಯೊಬ್ಬರನ್ನು ಒಂದು ವರ್ಷದ ಮಟ್ಟಿಗೆ ಅಪ್ರೆಂಟಿಸ್ ಆಗಿ ತೆಗೆದುಕೊಂಡರೆ ಕಾರ್ಖಾನೆಗೂ ವಿದ್ಯಾರ್ಥಿಗೂ ಏನು ದಕ್ಕುತ್ತದೆ, ಎಲ್ಲಿ ಎಡವುವ ಸಂಭವವಿದೆ ಎಂಬುದನ್ನು ಪ್ರಸ್ತುತ ಲೇಖನದಲ್ಲಿ ಒಂದು ಉದಾಹರಣೆಯ ಮೂಲಕ ಪರಿಶೀಲಿಸಲಾಗಿದೆ. ಉದಾಹರಣೆಯ ಕಾರ್ಖಾನೆ, ವಿದ್ಯಾರ್ಥಿನಿ ಮತ್ತು ಅಲ್ಲಿನ ಅಂಕಿಗಳು ವಿಷಯ ತಿಳಿಯುವ ಸಲುವಾಗಿ ಕಲ್ಪಿಸಿಕೊಂಡವು. ಕಾನೂನಿನ ಅಂಶಗಳು ಮಾತ್ರ ಇದ್ದದ್ದು ಇದ್ದಂತೆ.

ಕಾನೂನಿನ ಹಿನ್ನೆಲೆ

ಓದಿನ ನಡುವೆ ಕೆಲಸಕ್ಕೆ ಕಳುಹಿಸುವ ಪದ್ಧತಿ ಹೊಸದಲ್ಲ. ಕೆನಡಾದ ವಾಟರ್‌ಲೂ ವಿಶ್ವವಿದ್ಯಾಲಯವು 1957ರಲ್ಲಿ ತನ್ನ ಆರಂಭದಿಂದಲೇ ಇದನ್ನು ಅಳವಡಿಸಿಕೊಂಡಿತು. ಬ್ರಿಟನ್ನಿನಲ್ಲಿ ಪದವಿಯ ನಡುವೆ ಒಂದು ವರ್ಷ ಉದ್ದಿಮೆಯಲ್ಲಿ ಕಳೆಯುವ ಕೋರ್ಸಿಗೆ ಸ್ಯಾಂಡ್‌ವಿಚ್ ಕೋರ್ಸ್ ಎಂದೇ ಹೆಸರು. ನಮ್ಮಲ್ಲಿ ಇದಕ್ಕೆ ಕಾನೂನಿನ ಚೌಕಟ್ಟು ಒದಗಿಸಿದ್ದು ಅಪ್ರೆಂಟಿಸ್ ಅಧಿನಿಯಮ, 1961. ಮೊದಲು ಐ.ಟಿ.ಐ. ಮಟ್ಟದ ಕಸುಬುಗಳಿಗೆ ಸೀಮಿತವಾಗಿದ್ದ ಈ ಕಾನೂನು 1973ರ ತಿದ್ದುಪಡಿಯಿಂದ ಎಂಜಿನಿಯರಿಂಗ್ ಪದವೀಧರರಿಗೂ ಡಿಪ್ಲೊಮಾ ಪಡೆದವರಿಗೂ, 2014ರ ತಿದ್ದುಪಡಿಯಿಂದ ಇತರ ಪದವಿಗಳಿಗೂ ವಿಸ್ತರಿಸಿತು. ಆದ್ದರಿಂದ ಬಿ.ಸಿ.ಎ. ಅಥವಾ ಬಿ.ಕಾಂ. ವಿದ್ಯಾರ್ಥಿಯೂ ಇಂದು ಇದರ ವ್ಯಾಪ್ತಿಗೆ ಬರುತ್ತಾರೆ. ಪದವಿ ಮುಗಿಸಿದ ಮೇಲೆ ಒಂದು ವರ್ಷ ತರಬೇತಿ ಪಡೆಯುವುದು ಹಳೆಯ ದಾರಿ. ವಿಶ್ವವಿದ್ಯಾಲಯ ಅನುದಾನ ಆಯೋಗದ ಮಾರ್ಗಸೂಚಿಯಂತೆ ಪದವಿಯೊಳಗೇ ಕೆಲವು ಸೆಮಿಸ್ಟರುಗಳನ್ನು ಉದ್ದಿಮೆಯಲ್ಲಿ ಕಳೆಯುವುದು ಹೊಸ ದಾರಿ. ಕರ್ನಾಟಕದ ಪದವಿ ಮತ್ತು ಡಿಪ್ಲೊಮಾ ಅಪ್ರೆಂಟಿಸರ ವ್ಯವಹಾರ ಚೆನ್ನೈನಲ್ಲಿರುವ ದಕ್ಷಿಣ ವಲಯದ ಅಪ್ರೆಂಟಿಸ್ ತರಬೇತಿ ಮಂಡಳಿಗೆ ಸೇರಿದ್ದು, ನೋಂದಣಿ ಪೋರ್ಟಲ್ ಮೂಲಕ ನಡೆಯುತ್ತದೆ.

2019ರ ನಿಯಮ ತಿದ್ದುಪಡಿಯ ನಂತರ, ಗುತ್ತಿಗೆ ನೌಕರರನ್ನೂ ಸೇರಿಸಿ 30 ಅಥವಾ ಹೆಚ್ಚು ಜನರಿರುವ ಸಂಸ್ಥೆ ಅಪ್ರೆಂಟಿಸರನ್ನು ತೆಗೆದುಕೊಳ್ಳುವುದು ಕಡ್ಡಾಯವಾಯಿತು. 4ರಿಂದ 29 ಜನರಿದ್ದರೆ ಐಚ್ಛಿಕ. ಒಟ್ಟು ಸಂಖ್ಯೆಯ ಶೇ. 2.5ರಿಂದ ಶೇ. 15ರವರೆಗೆ ತೆಗೆದುಕೊಳ್ಳಬೇಕೆಂಬುದು ಮಿತಿ. ಅನೇಕ ಸದಸ್ಯರು ಈ ಕಡ್ಡಾಯದ ಅಂಶವನ್ನು ಗಮನಿಸಿಯೇ ಇಲ್ಲ. ಗಮನಿಸಿದವರೂ ಒಬ್ಬ ಫಿಟ್ಟರನನ್ನೋ ಟರ್ನರನನ್ನೋ ತೆಗೆದುಕೊಂಡು ಸುಮ್ಮನಾಗುತ್ತಾರೆ. ಆ ಸ್ಥಾನದಲ್ಲಿ ತಂತ್ರಾಂಶದ ವಿದ್ಯಾರ್ಥಿಯನ್ನೂ ತೆಗೆದುಕೊಳ್ಳಬಹುದೆಂಬ ಯೋಚನೆ ಬರುವುದು ಕಡಿಮೆ.

ಉದಾಹರಣೆಯ ಕಾರ್ಖಾನೆ

ಬೆಳಗಾವಿಯ ಉದ್ಯಮಬಾಗದಲ್ಲಿ 38 ಜನರಿರುವ ಒಂದು ಪ್ರೈವೇಟ್ ಲಿಮಿಟೆಡ್ ಘಟಕ. ಫೌಂಡ್ರಿಗಳಿಂದ ಎರಕದ ಬಿಡಿಭಾಗಗಳನ್ನು ಕೊಂಡು, ರಫ್ ಮಷಿನಿಂಗ್ ಕೆಲಸವನ್ನು ಹೊರಗಿನ ಆರು ಜಾಬ್ ವರ್ಕರುಗಳಿಂದ ಮಾಡಿಸಿ, ಅಂತಿಮ ಕೆಲಸವನ್ನು ತನ್ನಲ್ಲೇ ಮಾಡಿ ಪಂಪು ತಯಾರಕರಿಗೆ ಒದಗಿಸುತ್ತದೆ. ವಾರ್ಷಿಕ ವಹಿವಾಟು 5 ಕೋಟಿ ರೂಪಾಯಿಗಿಂತ ಕಡಿಮೆ. 38ರ ಶೇ. 2.5 ಎಂದರೆ ಸರಿಸುಮಾರು ಒಬ್ಬರು. ಹೀಗೆ ಬಿ.ಸಿ.ಎ. ಕೊನೆಯ ವರ್ಷದ ವಿದ್ಯಾರ್ಥಿನಿಯೊಬ್ಬಳು ಆಗಸ್ಟ್ ತಿಂಗಳಲ್ಲಿ ಸೇರಿಕೊಂಡಳು. ವಾರಕ್ಕೊಮ್ಮೆ ದಿನಚರಿ ಬರೆದು ಕಾಲೇಜಿಗೆ ಒಪ್ಪಿಸಬೇಕೆಂಬುದು ಆಕೆಯ ಕೋರ್ಸಿನ ಷರತ್ತು.

ಮೊದಲ ಆರು ವಾರಗಳ ದಿನಚರಿಯಲ್ಲಿ ಬರೆಯುವಂಥದ್ದು ಏನೂ ಇರಲಿಲ್ಲ. ಪ್ರಿಂಟರ್ ರಿಪೇರಿ, ಕೊಟೇಶನ್ ಟೈಪು, ಮಾಲೀಕರ ಮೊಬೈಲಿನ ಚಿತ್ರಗಳನ್ನು ಗಣಕಯಂತ್ರಕ್ಕೆ ಇಳಿಸುವುದು, ಬ್ಯಾಂಕಿಗೆ ಕಳುಹಿಸುವ ಪಟ್ಟಿ ಸಿದ್ಧಪಡಿಸುವುದು. ಗಣಕಯಂತ್ರಕ್ಕೆ ಸಂಬಂಧಿಸಿದ ಕೆಲಸವೆಲ್ಲ ಗಣಕಯಂತ್ರ ಕಲಿತವಳದ್ದು ಎಂಬ ಭಾವನೆ ಕಚೇರಿಯಲ್ಲಿತ್ತು. ಇದರಲ್ಲಿ ಯಾರ ದುರುದ್ದೇಶವೂ ಇರಲಿಲ್ಲ. ಆಕೆಗೆ ಏನು ಕೆಲಸ ಕೊಡಬೇಕೆಂದು ಯಾರೂ ಯೋಚಿಸಿರಲಿಲ್ಲ, ಅಷ್ಟೆ. ಕಾನೂನಿನ ದೃಷ್ಟಿಯಲ್ಲಿ ಮಾತ್ರ ಇದು ಸಣ್ಣ ಲೋಪವಲ್ಲ. ಅಧಿನಿಯಮದ ಕಲಂ 18ರಂತೆ ಅಪ್ರೆಂಟಿಸ್ ತರಬೇತಿ ಪಡೆಯುವವರೇ ಹೊರತು ಕೆಲಸಗಾರರಲ್ಲ. ಭವಿಷ್ಯನಿಧಿ ಮತ್ತು ಇ.ಎಸ್.ಐ. ವಂತಿಗೆಯಿಂದ ವಿನಾಯಿತಿ ಇರುವುದು ಆ ಕಾರಣಕ್ಕೇ. ತರಬೇತಿ ಕೊಡದೆ ಗುಮಾಸ್ತೆಯ ಕೆಲಸ ಮಾಡಿಸಿಕೊಂಡರೆ ಆ ವಿನಾಯಿತಿಯ ಬುಡವೇ ಸಡಿಲವಾಗುತ್ತದೆ.

ಏಳನೆಯ ವಾರದಲ್ಲಿ ಕಾಲೇಜಿನ ಅಧ್ಯಾಪಕರು ಭೇಟಿ ಕೊಟ್ಟು ದಿನಚರಿ ನೋಡಿದರು. ಈ ವರ್ಷದ ಅಂಕ ಹೋದರೆ ಆಕೆಯ ಪದವಿಯೇ ಒಂದು ವರ್ಷ ಮುಂದಕ್ಕೆ ಹೋಗುವುದೆಂದು ಮಾಲೀಕರಿಗೆ ಆಗ ತಿಳಿಯಿತು. ಅಂದಿನಿಂದ ಪ್ರತಿದಿನ ಸಂಜೆ ನಾಲ್ಕರಿಂದ ಐದರವರೆಗೆ ಮಾಲೀಕರೋ ಅವರ ತಮ್ಮನೋ ಆಕೆಯೊಡನೆ ಕುಳಿತುಕೊಳ್ಳುವುದೆಂದು ನಿಶ್ಚಯವಾಯಿತು. ಕೆಲಸವೂ ಒಂದೇ ಎಂದು ಗೊತ್ತಾಯಿತು: ಜಾಬ್ ವರ್ಕಿಗೆ ಹೋದ ಮಾಲಿನ ಲೆಕ್ಕ.

ಈ ಕೆಲಸವನ್ನು ಏಕೆ ಆರಿಸಬೇಕು

ಜಾಬ್ ವರ್ಕಿಗೆ ಮಾಲು ಕಳುಹಿಸುವ ಸದಸ್ಯರಿಗೆ ಜಿ.ಎಸ್.ಟಿ. ಕಾನೂನಿನ ಕಲಂ 143 ಪರಿಚಿತವೇ. ತೆರಿಗೆ ಕಟ್ಟದೆ ಡೆಲಿವರಿ ಚಲನ್ ಮೇಲೆ ಕಳುಹಿಸಿದ ಕಚ್ಚಾ ಮಾಲು ಒಂದು ವರ್ಷದೊಳಗೆ, ಯಂತ್ರಸಾಮಗ್ರಿ ಮೂರು ವರ್ಷದೊಳಗೆ ಮರಳಬೇಕು ಅಥವಾ ಅಲ್ಲಿಂದಲೇ ವಿಧಿವತ್ತಾಗಿ ಮಾರಾಟವಾಗಬೇಕು. ತಪ್ಪಿದರೆ, ಕಳುಹಿಸಿದ ದಿನವೇ ಅದನ್ನು ಮಾರಿದಂತೆ ಭಾವಿಸಿ ಬಡ್ಡಿಸಹಿತ ತೆರಿಗೆ ವಿಧಿಸಲಾಗುತ್ತದೆ. ಹೋದ-ಬಂದ ಮಾಲಿನ ವಿವರವನ್ನು ಐಟಿಸಿ-04 ನಮೂನೆಯಲ್ಲಿ ಸಲ್ಲಿಸಬೇಕು. 2021ರ ಅಕ್ಟೋಬರಿನಿಂದ 5 ಕೋಟಿ ಮೀರಿದ ವಹಿವಾಟಿನವರಿಗೆ ಅರ್ಧವಾರ್ಷಿಕ, ಅದರೊಳಗಿನವರಿಗೆ ವಾರ್ಷಿಕ, ಏಪ್ರಿಲ್ 25ರೊಳಗೆ. ಏಪ್ರಿಲ್ ಬಂತೆಂದರೆ ಚಲನ್ ಪುಸ್ತಕಗಳನ್ನು ಹರಡಿಕೊಂಡು ಕೂರುವ ದೃಶ್ಯ ಯಾವ ಕಾರ್ಖಾನೆಯಲ್ಲೂ ಅಪರೂಪವಲ್ಲ.

ಒಂದು ವರ್ಷದ ವಿದ್ಯಾರ್ಥಿಗೆ ಇದು ತಕ್ಕ ಕೆಲಸ. ಸಮಸ್ಯೆ ನಿಜವಾದದ್ದು, ಗಡಿ ಸ್ಪಷ್ಟವಾದದ್ದು, ಸರಿಯಾಯಿತೋ ಇಲ್ಲವೋ ಎಂಬುದು ಒಂದು ದಿನಾಂಕದಂದು ತಿಳಿಯುವಂಥದ್ದು. ‘ಇಡೀ ಕಾರ್ಖಾನೆಗೆ ಒಂದು ತಂತ್ರಾಂಶ ಮಾಡಿಕೊಡು’ ಎಂದು ಹೇಳಿದ ಕಡೆ ವರ್ಷದ ಕೊನೆಗೆ ಸಿಗುವುದು ಬಣ್ಣದ ಮುಖಪುಟ ಮಾತ್ರ.

ಬೋರಿಂಗ್ ಎಲ್ಲಿ ಹೋಯಿತು

ಅಕ್ಟೋಬರಿನಲ್ಲಿ ಮೊದಲ ಆವೃತ್ತಿ ಸಿದ್ಧವಾಯಿತು. ಕಾಲೇಜಿನಲ್ಲಿ ಗ್ರಂಥಾಲಯದ ಪುಸ್ತಕ ಹೋಗಿ-ಬರುವ ಲೆಕ್ಕವನ್ನು ಬರೆದ ಅನುಭವವಿದ್ದುದರಿಂದ ಆಕೆಗೆ ಇದೂ ಅಂಥದ್ದೇ ಎನಿಸಿತ್ತು. ಹೋದ ತೂಕದಿಂದ ಬಂದ ತೂಕವನ್ನು ಕಳೆದರೆ ಬಾಕಿ. ಪರೀಕ್ಷೆಗೆಂದು ಒಂದು ಚಲನ್ ತೆಗೆದುಕೊಂಡಳು: 4.2 ಕಿಲೋ ತೂಕದ 120 ಎರಕಗಳು, ಒಟ್ಟು 504 ಕಿಲೋ. ಮರಳಿ ಬಂದದ್ದು 432 ಕಿಲೋ. ಪರದೆಯ ಮೇಲೆ ಬಾಕಿ 72 ಕಿಲೋ ಎಂದು ಬಂತು. ಸ್ಟೋರ್‌ಕೀಪರರು, ಆಕೆ ‘ಕಾಕಾ’ ಎಂದು ಕರೆಯುತ್ತಿದ್ದ ಹಿರಿಯರು, ನೋಡಿ ನಕ್ಕರು. “ತಂಗಿ, ಬೋರಿಂಗ್ ಎಲ್ಲಿ ಹೋತು? ಲೇಥಿನ್ಯಾಗ ಕಡದ ಚೂರೂ ಕಾಸ್ಟಿಂಗ್ ಆಗಿ ವಾಪಸ್ ಬರತೈತೇನು?” ಎಂದರು. ಪ್ರತಿ ಎರಕವೂ ಮಷಿನಿಂಗ್ ಆಗಿ 3.6 ಕಿಲೋಗೆ ಇಳಿದಿತ್ತು. 120 ನಗವೂ ಮರಳಿದ್ದವು. ಉಳಿದ 72 ಕಿಲೋ ಕಬ್ಬಿಣದ ಚೂರು.

ಸ್ಟೋರ್‌ಕೀಪರರಿಗೆ ಹೇಳದೆಯೇ ಗೊತ್ತಿದ್ದ ಈ ಸಂಗತಿ ಯಾವ ರಿಜಿಸ್ಟರಿನಲ್ಲಿಯೂ ಬರೆದಿರಲಿಲ್ಲ. ಆಕೆ ಲೆಕ್ಕವನ್ನು ತೂಕದಿಂದ ನಗಕ್ಕೆ ಬದಲಿಸಿ, ಚೂರಿಗೆ ಬೇರೆ ಕಾಲಂ ಇಟ್ಟಳು. ಆ ಕಾಲಂ ತುಂಬಲು ಹೊರಟಾಗ ಇನ್ನೊಂದು ಪ್ರಶ್ನೆ ಎದ್ದಿತು: ಚೂರು ಯಾರದು? ಕಲಂ 143ರಂತೆ, ಜಾಬ್ ವರ್ಕರ್ ನೋಂದಾಯಿತನಾಗಿದ್ದರೆ ತ್ಯಾಜ್ಯವನ್ನು ಅವನೇ ತೆರಿಗೆ ಕಟ್ಟಿ ಮಾರಬಹುದು. ನೋಂದಾಯಿತನಲ್ಲದಿದ್ದರೆ ಮಾಲು ಕಳುಹಿಸಿದವನೇ ಅದರ ಲೆಕ್ಕ ಕೊಡಬೇಕು. ಆರು ಜಾಬ್ ವರ್ಕರುಗಳಲ್ಲಿ ಇಬ್ಬರು ನೋಂದಾಯಿತರಲ್ಲ. ಅವರ ಬಳಿಯ ಬೋರಿಂಗ್ ಸ್ಕ್ರ್ಯಾಪ್ ಕೂಲಿಯಲ್ಲಿಯೇ ಅಡಗಿದೆ ಎಂಬ ಬಾಯಿಮಾತಿನ ಒಪ್ಪಂದ ಎಷ್ಟೋ ವರ್ಷಗಳಿಂದ ನಡೆದುಬಂದಿತ್ತು. ಇಪ್ಪತ್ತೊಂದು ವರ್ಷದ ವಿದ್ಯಾರ್ಥಿನಿಯ ಒಂದು ಖಾಲಿ ಕಾಲಂ ಅದನ್ನು ಕಾಗದದ ಮೇಲೆ ತರಿಸಿತು.

ತಂತ್ರಾಂಶದ ಕೆಲಸದಲ್ಲಿ ಹೆಚ್ಚು ವೇಳೆ ಹಿಡಿಯುವುದು ಬರೆಯುವುದಲ್ಲ, ಕೇಳಿ ತಿಳಿಯುವುದು. ಸಂಜೆಯ ಆ ಒಂದು ಗಂಟೆ ಇಲ್ಲದಿದ್ದರೆ 72 ಕಿಲೋದ ತಪ್ಪು ವರ್ಷದ ಕೊನೆಯವರೆಗೂ ಹಾಗೆಯೇ ಇರುತ್ತಿತ್ತು.

ಅಳಿಸುವ ಗುಂಡಿ

ನವೆಂಬರಿನಲ್ಲಿ ಕಂಪನಿಯ ಲೆಕ್ಕಪರಿಶೋಧಕರು ತಂತ್ರಾಂಶವನ್ನು ನೋಡಿ ಎರಡು ಆಕ್ಷೇಪಣೆ ಎತ್ತಿದರು. ತಪ್ಪಾದ ನಮೂದನ್ನು ಅಳಿಸಲು ಆಕೆ ಒಂದು ಗುಂಡಿ ಇಟ್ಟಿದ್ದಳು. ಒತ್ತಿದರೆ ಆ ಸಾಲೇ ಮಾಯ. ಕಾಲೇಜಿನ ಅಭ್ಯಾಸಕ್ಕೆ ಇದು ಸರಿ. ಆದರೆ ದಾಸ್ತಾನಿನ ಲೆಕ್ಕ ಜಿ.ಎಸ್.ಟಿ. ನಿಯಮ 56ರಂತೆ ಇಡಲೇಬೇಕಾದ ದಾಖಲೆ. ಅದೇ ನಿಯಮದ 8ನೆಯ ಉಪನಿಯಮವು ನಮೂದನ್ನು ಅಳಿಸಬಾರದು, ಗಣಕೀಕೃತ ದಾಖಲೆಯಾದರೆ ತಿದ್ದಿದ ಅಥವಾ ತೆಗೆದುಹಾಕಿದ ಪ್ರತಿ ನಮೂದಿನ ಕುರುಹು ಉಳಿಯಬೇಕು ಎಂದು ಹೇಳುತ್ತದೆ. ಮಾಲೀಕತ್ವದ ಅಂಗಡಿಗೂ ಇದು ಅನ್ವಯ. ಆಕೆ ಗುಂಡಿಯನ್ನು ತೆಗೆದು, ವಿರುದ್ಧ ನಮೂದು ಹಾಕಿ ಸರಿಪಡಿಸುವ ಕ್ರಮವನ್ನು ಅಳವಡಿಸಿದಳು. ಯಾರು, ಯಾವಾಗ, ಏಕೆ ಎಂಬುದೂ ದಾಖಲಾಗುವಂತೆ ಮಾಡಿದಳು. ಕಿರ್ದಿಯಲ್ಲಿ ಕೆರೆದು ತಿದ್ದಬಾರದೆಂಬ ಹಳೆಯ ಮುನೀಮರ ಕಟ್ಟಳೆಯೂ ಇದೇ. ಅಚ್ಚರಿಯೆಂದರೆ, ಕಾರ್ಯಕ್ರಮ ಬರೆಯುವವರು ತಮ್ಮ ಬರಹದ ಆವೃತ್ತಿಗಳನ್ನು ಕಾಯ್ದುಕೊಳ್ಳಲು ಬಳಸುವ ಗಿಟ್ ಎಂಬ ಸಾಧನವೂ ಹೀಗೆಯೇ ಕೆಲಸ ಮಾಡುತ್ತದೆ: ಹಳೆಯದನ್ನು ಒರೆಸದೆ, ಪ್ರತಿ ಬದಲಾವಣೆಯನ್ನೂ ದಿನಾಂಕ ಮತ್ತು ಹೆಸರಿನೊಡನೆ ಮೇಲಿಂದ ಮೇಲೆ ಬರೆದುಕೊಳ್ಳುತ್ತ ಹೋಗುತ್ತದೆ. ಅದನ್ನು ದಿನವೂ ಬಳಸುತ್ತಿದ್ದವಳಿಗೆ ಲೆಕ್ಕಪತ್ರಕ್ಕೂ ಅದೇ ಬೇಕೆಂಬುದು ತಿಳಿದಿರಲಿಲ್ಲ.

ಎರಡನೆಯದು ಮಾಲೀಕರ ಆಸೆಗೆ ಸಂಬಂಧಿಸಿದ್ದು. ಚಲನ್ ಲೆಕ್ಕ ನೋಡಿ ಸಂತೋಷಗೊಂಡ ಅವರು ಇನ್‌ವಾಯ್ಸನ್ನೂ ಇದರಲ್ಲಿಯೇ ಮಾಡಿಸಬೇಕೆಂದಿದ್ದರು. ವಿದ್ಯಾರ್ಥಿನಿಗೂ ಅದರಲ್ಲಿ ಉತ್ಸಾಹವಿತ್ತು. ಹತ್ತು ಜನರಿಗೆ ತೋರಿಸಬಹುದಾದ ಕೆಲಸವೆಂದರೆ ಅದೇ. ಆದರೆ 2023ರ ಏಪ್ರಿಲ್ 1ರಿಂದ ಕಂಪನಿಗಳು ಲೆಕ್ಕಪತ್ರಕ್ಕೆ ಬಳಸುವ ತಂತ್ರಾಂಶದಲ್ಲಿ ಪ್ರತಿ ವ್ಯವಹಾರದ ಆಡಿಟ್ ಟ್ರೇಲ್ ಇರಲೇಬೇಕು, ಅದನ್ನು ನಿಷ್ಕ್ರಿಯಗೊಳಿಸಲು ಸಾಧ್ಯವಾಗಬಾರದು. ಲೆಕ್ಕಪರಿಶೋಧಕರು ತಮ್ಮ ವರದಿಯಲ್ಲಿ ಅದರ ಬಗ್ಗೆ ಹೇಳಬೇಕು. ಮಾರಾಟದ ಇನ್‌ವಾಯ್ಸ್ ಲೆಕ್ಕಪತ್ರದ ಮೂಲವಾದ್ದರಿಂದ ವಿದ್ಯಾರ್ಥಿಯ ತಂತ್ರಾಂಶವೂ ಈ ಪರೀಕ್ಷೆಗೆ ಒಳಪಡುತ್ತದೆ. ಆಕೆ ಬೇಸರಪಟ್ಟಳು. ಆ ವಾರದ ದಿನಚರಿಯಲ್ಲಿ ಒಂದೇ ಸಾಲು ಇತ್ತು. ಆದಾಗ್ಯೂ ನಿರ್ಧಾರ ಸರಿಯೇ: ಮಾಲಿನ ಚಲನವಲನ ವಿದ್ಯಾರ್ಥಿಯ ತಂತ್ರಾಂಶದಲ್ಲಿ, ಖಾತೆಪುಸ್ತಕ ಸಿದ್ಧ ತಂತ್ರಾಂಶದಲ್ಲಿ ಎಂದು ಗೆರೆ ಎಳೆದುಕೊಳ್ಳುವುದು ಕಂಪನಿಗಳಿಗೆ ಕ್ಷೇಮ.

ಫೆಬ್ರವರಿಯ ಪಟ್ಟಿ

ಹಳೆಯ ಚಲನ್ ಪುಸ್ತಕಗಳನ್ನು ಗಣಕಯಂತ್ರಕ್ಕೆ ಏರಿಸಲು ಡಿಸೆಂಬರ್ ಮತ್ತು ಜನವರಿ ಪೂರ್ತಿ ಹಿಡಿಯಿತು. ಇದರ ಬಗ್ಗೆ ಹೇಳುವಂಥದ್ದೇನಿಲ್ಲ. ಬೇಸರದ ಕೆಲಸ, ಮಾಡಲೇಬೇಕಾದದ್ದು. ಫೆಬ್ರವರಿ ಎರಡನೆಯ ವಾರ ಮೊದಲ ಬಾರಿಗೆ ಒಂದು ಪಟ್ಟಿ ಹೊರಬಂತು: ಹನ್ನೊಂದು ತಿಂಗಳು ಮೀರಿಯೂ ಮರಳದ ಮಾಲು. ಮೌಲ್ಯ 3,20,000 ರೂಪಾಯಿ. ಶೇ. 18ರ ದರದಲ್ಲಿ ತೆರಿಗೆಯೇ 57,600. ಕಳುಹಿಸಿದ ದಿನದಿಂದ ಬಡ್ಡಿ ಬೇರೆ. ಮೊದಲ ಲಾಟಿನ ವರ್ಷ ತುಂಬಲು ಉಳಿದದ್ದು ಹತ್ತೊಂಬತ್ತು ದಿನ.

ಮಾಲೀಕರು ಪಟ್ಟಿಯನ್ನು ನಂಬಲಿಲ್ಲ. ಸ್ಟೋರ್‌ಕೀಪರರು ಒಪ್ಪಲೇ ಇಲ್ಲ. ನಲವತ್ತು ವರ್ಷದ ಅನುಭವದ ಮೇಲೆ ಹುಡುಗಿಯ ಪಟ್ಟಿ ಕಳಂಕ ಹೊರಿಸಿದಂತೆ ಅವರಿಗೆ ಕಂಡಿರಬೇಕು. ಎರಡು ದಿನ ಅವರು ಆಕೆಯೊಡನೆ ಮಾತನಾಡಲಿಲ್ಲ. ಮೂರನೆಯ ದಿನ ತಾವೇ ಕಾಟಾ ಚೀಟಿಗಳ ಗಂಟನ್ನು ತಂದು ಆಕೆಯ ಮೇಜಿನ ಮೇಲಿಟ್ಟು, “ಕೂಡವಾ, ಒಂದೊಂದಾಗಿ ನೋಡೂಣು” ಎಂದರು. ಇಬ್ಬರೂ ಹತ್ತು ದಿನ ಕುಳಿತರು. 2,45,000 ರೂಪಾಯಿಯ ಮಾಲು ನಿಜವಾಗಿಯೂ ಮರಳಿ ಬಂದಿತ್ತು. ಆದರೆ ಇಬ್ಬರು ಜಾಬ್ ವರ್ಕರುಗಳು ಮೂಲ ಚಲನ್ ಸಂಖ್ಯೆ ಬರೆಯದೆ ತಮ್ಮದೇ ಚೀಟಿಯ ಮೇಲೆ ಕಳುಹಿಸಿದ್ದರಿಂದ ಹೊಂದಾಣಿಕೆ ಆಗಿರಲಿಲ್ಲ. ಉಳಿದ 75,000 ರೂಪಾಯಿಯ ಎರಕಗಳು ಒಬ್ಬ ಜಾಬ್ ವರ್ಕರನ ಶೆಡ್ಡಿನ ಮೂಲೆಯಲ್ಲಿ, ಅವನಿಗೂ ಮರೆತುಹೋದ ಸ್ಥಿತಿಯಲ್ಲಿ ಇದ್ದವು. ಟೆಂಪೊ ಕಳುಹಿಸಿ ತರಿಸಲಾಯಿತು.

ಇಲ್ಲಿ ಉಳಿದ ತೆರಿಗೆ 13,500 ರೂಪಾಯಿ ಮಾತ್ರ. ಮೊತ್ತ ದೊಡ್ಡದಲ್ಲ. ದೊಡ್ಡದು ಆ 2,45,000. ಮಾಲು ಬಂದಿದ್ದರೂ ಬಂದಿದೆ ಎಂದು ತೋರಿಸಲು ಕಾಗದವಿರಲಿಲ್ಲ. ಇಲಾಖೆಯ ತಪಾಸಣೆಯಲ್ಲಿ ಸ್ಟೋರ್‌ಕೀಪರರ ನೆನಪು ಸಾಕ್ಷ್ಯವಾಗುವುದಿಲ್ಲ. ತಂತ್ರಾಂಶದ ಪಟ್ಟಿಯೂ ಪೂರ್ತಿ ಸರಿಯಿರಲಿಲ್ಲ, ಹಿರಿಯರ ನೆನಪೂ ಪೂರ್ತಿ ಸರಿಯಿರಲಿಲ್ಲ. ಮಾರ್ಚ್ ತಿಂಗಳಿನಿಂದ ಮೂಲ ಚಲನ್ ಸಂಖ್ಯೆ ಇಲ್ಲದ ಚೀಟಿಯ ಮೇಲೆ ಮಾಲು ಇಳಿಸಿಕೊಳ್ಳುವುದಿಲ್ಲವೆಂದು ಗೇಟಿನಲ್ಲಿ ಬರೆದು ಹಾಕಲಾಯಿತು. ಅದನ್ನು ಬರೆದವರು ಸ್ಟೋರ್‌ಕೀಪರರೇ. ಏಪ್ರಿಲ್ 25ಕ್ಕೆ ಮುನ್ನವೇ, 18ರಂದು, ಐಟಿಸಿ-04 ಸಲ್ಲಿಕೆಯಾಯಿತು.

ವೆಚ್ಚ ಎಷ್ಟು

ಪದವಿ ಅಪ್ರೆಂಟಿಸರ ಕನಿಷ್ಠ ಶಿಷ್ಯವೇತನವನ್ನು 2019ರ ನಿಯಮಗಳು ತಿಂಗಳಿಗೆ 9,000 ರೂಪಾಯಿ ಎಂದು ನಿಗದಿಪಡಿಸಿದವು. 2025ರ ಮೇ ತಿಂಗಳಲ್ಲಿ ಕೇಂದ್ರ ಅಪ್ರೆಂಟಿಸ್‌ಶಿಪ್ ಮಂಡಳಿ ಶೇ. 36ರ ಏರಿಕೆಗೆ ಶಿಫಾರಸು ಮಾಡಿತು. ಆದ್ದರಿಂದ ಒಪ್ಪಂದ ಮಾಡಿಕೊಳ್ಳುವ ದಿನ ಜಾರಿಯಲ್ಲಿರುವ ದರವನ್ನು ಪೋರ್ಟಲಿನಲ್ಲಿ ನೋಡಿಕೊಂಡೇ ಮುಂದುವರಿಯತಕ್ಕದ್ದು. ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ತರಬೇತಿ ಯೋಜನೆಯಡಿ ನೋಂದಾಯಿತರಾದವರಿಗೆ ಕನಿಷ್ಠ ಶಿಷ್ಯವೇತನದ ಅರ್ಧವನ್ನು ಕೇಂದ್ರ ಸರ್ಕಾರ ಭರಿಸುತ್ತದೆ. ಕನಿಷ್ಠಕ್ಕಿಂತ ಹೆಚ್ಚು ಕೊಡಲು ಅಡ್ಡಿಯಿಲ್ಲ. ಆ ಹೆಚ್ಚುವರಿ ಮಾಲೀಕರದ್ದೇ.

ಉದಾಹರಣೆಯ ಕಾರ್ಖಾನೆ 15,000 ಕೊಟ್ಟಿತೆನ್ನೋಣ. ವರ್ಷಕ್ಕೆ 1,80,000. 2019ರ ದರದಿಂದ ಲೆಕ್ಕ ಹಾಕಿದರೆ ಸರ್ಕಾರದ ಪಾಲು ತಿಂಗಳಿಗೆ 4,500, ವರ್ಷಕ್ಕೆ 54,000. ಮಾಲೀಕರ ನಿವ್ವಳ ವೆಚ್ಚ 1,26,000. ಸಾಮಾನ್ಯವಾಗಿ ಲೆಕ್ಕ ಇಲ್ಲಿಗೆ ನಿಲ್ಲುತ್ತದೆ. ಆದರೆ ಸಂಜೆಯ ಒಂದು ಗಂಟೆ, ವಾರಕ್ಕೆ ಆರು ದಿನ, ಐವತ್ತು ವಾರ ಎಂದರೆ 300 ಗಂಟೆ. ಮಾಲೀಕರ ಗಂಟೆಗೆ 500 ರೂಪಾಯಿ ಎಂದು ಹಿಡಿದರೂ 1,50,000. ಶಿಷ್ಯವೇತನದ ನಿವ್ವಳ ವೆಚ್ಚಕ್ಕಿಂತ ದೊಡ್ಡ ಬಾಬತ್ತು ಇದು. ಯಾವ ಖಾತೆಯಲ್ಲಿಯೂ ಕಾಣದು. ಇದನ್ನು ಕೊಡಲು ಸಿದ್ಧರಿಲ್ಲದವರು ತಂತ್ರಾಂಶ ಅಪ್ರೆಂಟಿಸರನ್ನು ತೆಗೆದುಕೊಳ್ಳದಿರುವುದೇ ಲೇಸು.

ಶಿಷ್ಯವೇತನವನ್ನು ತಂತ್ರಾಂಶದ ವೆಚ್ಚವೆಂದು ಆಸ್ತಿಯಾಗಿ ತೋರಿಸಬಹುದೇ ಎಂದು ಕೆಲವರು ಕೇಳುವುದುಂಟು. ಲೆಕ್ಕಪತ್ರ ಮಾನದಂಡ 26ರಂತೆ ಸಂಶೋಧನಾ ಹಂತದ ವೆಚ್ಚ ಆಸ್ತಿಯಾಗದು; ಅಭಿವೃದ್ಧಿ ಹಂತದ್ದು ಕಟ್ಟುನಿಟ್ಟಾದ ಷರತ್ತುಗಳನ್ನು ಪೂರೈಸಿದರೆ ಮಾತ್ರ. ಯಾವ ದಿನ ಯಾವ ಕೆಲಸ ಎಂಬ ದಾಖಲೆಯಿಲ್ಲದ ಸಣ್ಣ ಘಟಕ ಆ ಷರತ್ತುಗಳನ್ನು ಸಾಬೀತುಪಡಿಸುವುದು ಕಷ್ಟ. ಆಯಾ ವರ್ಷದ ಲಾಭ-ನಷ್ಟಕ್ಕೆ ಬರೆಯುವುದು ಸರಳವಾದ ಮತ್ತು ಸುರಕ್ಷಿತವಾದ ಮಾರ್ಗ.

ತಂತ್ರಾಂಶ ಯಾರ ಸ್ವತ್ತು

ಈ ಪ್ರಶ್ನೆಯನ್ನು ಬಹುತೇಕರು ವಿದ್ಯಾರ್ಥಿ ಬಿಟ್ಟುಹೋದ ಮೇಲೆ ಕೇಳುತ್ತಾರೆ. ಕೃತಿಸ್ವಾಮ್ಯ ಅಧಿನಿಯಮ, 1957ರ ಕಲಂ 2ರಂತೆ ಗಣಕಯಂತ್ರದ ಕಾರ್ಯಕ್ರಮವೂ ಸಾಹಿತ್ಯ ಕೃತಿಯೇ. ಬರೆದವರೇ ಅದರ ಕರ್ತೃ. ಕಲಂ 17 (ಸಿ) ಪ್ರಕಾರ, ಸೇವೆಯ ಅಥವಾ ಅಪ್ರೆಂಟಿಸ್‌ಶಿಪ್ಪಿನ ಒಪ್ಪಂದದಡಿ, ಆ ಕೆಲಸದ ಅಂಗವಾಗಿ ಬರೆದದ್ದಾದರೆ, ಬೇರೆ ಕರಾರು ಇಲ್ಲದಿರುವಾಗ, ಮಾಲೀಕರೇ ಮೊದಲ ಸ್ವಾಮ್ಯ ಪಡೆಯುತ್ತಾರೆ. ಅಪ್ರೆಂಟಿಸ್‌ಶಿಪ್ ಎಂಬ ಪದ 1911ರ ಬ್ರಿಟಿಷ್ ಕಾನೂನಿನಲ್ಲಿಯೂ ಇತ್ತು. ಕಮ್ಮಾರ, ಮುದ್ರಕರ ಕಾಲದ ಆ ಪದ ಇಂದು ತಂತ್ರಾಂಶದ ವಿದ್ಯಾರ್ಥಿಗೂ ಹೊಂದಿಕೊಳ್ಳುತ್ತದೆ.

ಆದರೆ ಬಹಳಷ್ಟು ಕಡೆ ಅಪ್ರೆಂಟಿಸ್ ಒಪ್ಪಂದವೇ ಇರುವುದಿಲ್ಲ. ಪರಿಚಿತರ ಮಗ, ‘ಇಂಟರ್ನ್’ ಎಂಬ ಹೆಸರು, ಕೈಗೆ ಕೊಟ್ಟ ಸ್ವಲ್ಪ ಹಣ, ಕೊನೆಗೊಂದು ಪ್ರಮಾಣಪತ್ರ. ಆಗ ಕಲಂ 17 (ಸಿ) ಮಾಲೀಕರ ನೆರವಿಗೆ ಬರುವುದು ಅನುಮಾನ. ಸ್ವಾಮ್ಯ ಬರೆದವನಲ್ಲಿಯೇ ಉಳಿಯಬಹುದು. ಅದನ್ನು ವರ್ಗಾಯಿಸಿಕೊಳ್ಳಲು ಕಲಂ 19ರಂತೆ ಸಹಿ ಮಾಡಿದ ಬರಹ ಬೇಕು. ಆ ಬರಹದಲ್ಲಿ ಅವಧಿ ನಮೂದಿಸದಿದ್ದರೆ ಐದು ವರ್ಷ ಮಾತ್ರ, ಪ್ರದೇಶ ನಮೂದಿಸದಿದ್ದರೆ ಭಾರತಕ್ಕೆ ಮಾತ್ರ ಎಂದು ಕಾನೂನು ಭಾವಿಸುತ್ತದೆ. ಅಧಿನಿಯಮದ ಕಲಂ 4ರಂತೆ ಒಪ್ಪಂದ ಮಾಡಿಕೊಂಡು ಪೋರ್ಟಲಿನಲ್ಲಿ ನೋಂದಾಯಿಸಿದರೆ ಈ ಗೊಂದಲವೇ ಇಲ್ಲ. ಶಿಷ್ಯವೇತನದ ಅರ್ಧಪಾಲಿಗಿಂತ ಇದು ದೊಡ್ಡ ಲಾಭವೆನ್ನಬೇಕು.

ವಿದ್ಯಾರ್ಥಿಯ ಕಡೆಯಿಂದಲೂ ನೋಡಬೇಕು. ಒಂದು ವರ್ಷ ದುಡಿದ ಕೆಲಸವನ್ನು ಮುಂದಿನ ಸಂದರ್ಶನದಲ್ಲಿ ತೋರಿಸಲು ಆಗದಿದ್ದರೆ ಆ ವರ್ಷದಿಂದ ಆಕೆಗೆ ಉಳಿಯುವುದು ಕಡಿಮೆ. ಉದಾಹರಣೆಯ ಕಾರ್ಖಾನೆ ಜೂನ್ ತಿಂಗಳಲ್ಲಿ ಒಂದು ಪತ್ರ ಕೊಟ್ಟಿತು: ಜಾಬ್ ವರ್ಕರುಗಳ ಹೆಸರು, ದರ, ಗ್ರಾಹಕರ ವಿವರ ತೆಗೆದ ಪ್ರತಿಯನ್ನು ಪ್ರಾಜೆಕ್ಟ್ ವರದಿಗೂ ಸಂದರ್ಶನಕ್ಕೂ ಬಳಸಲು ಅಭ್ಯಂತರವಿಲ್ಲ. ಕಾರ್ಮಿಕರ ಮೊಬೈಲ್, ಬ್ಯಾಂಕ್ ವಿವರಗಳಂತೂ ವಿದ್ಯಾರ್ಥಿಯ ಲ್ಯಾಪ್‌ಟಾಪಿಗೆ ಹೋಗಲೇಬಾರದು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮದ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾಗಿ ಹಂತಹಂತವಾಗಿ ಜಾರಿಗೆ ಬರುವಂತಾಗಿರುವುದರಿಂದ ಈ ಎಚ್ಚರ ಈಗಲೇ ರೂಢಿಯಾಗಬೇಕು.

ಹನ್ನೆರಡು ತಿಂಗಳು ಮತ್ತು ಎಪ್ಪತ್ತೆರಡು ತಿಂಗಳು

ವಿದ್ಯಾರ್ಥಿ ಇರುವುದು ಹನ್ನೆರಡು ತಿಂಗಳು. ಜಿ.ಎಸ್.ಟಿ. ಕಾನೂನಿನ ಕಲಂ 36ರಂತೆ ದಾಖಲೆಗಳನ್ನು ಆಯಾ ವರ್ಷದ ವಾರ್ಷಿಕ ವಿವರಪತ್ರದ ಕೊನೆಯ ದಿನಾಂಕದಿಂದ ಎಪ್ಪತ್ತೆರಡು ತಿಂಗಳು ಕಾಯ್ದಿಡಬೇಕು. ಕಂಪನಿಯ ಲೆಕ್ಕಪುಸ್ತಕಗಳಿಗೆ ಎಂಟು ವರ್ಷ. ಬರೆದವಳು ಹೋದ ಐದು ವರ್ಷಗಳ ಮೇಲೂ ಆ ದಾಖಲೆಯನ್ನು ತೆರೆದು ಓದಲು ಬರಬೇಕು. ಅನೇಕ ಕಡೆ ಒಳ್ಳೆಯ ತಂತ್ರಾಂಶಗಳು ಸತ್ತದ್ದು ಇಲ್ಲಿಯೇ. ಪಾಸ್‌ವರ್ಡ್ ವಿದ್ಯಾರ್ಥಿಯ ಸ್ವಂತ ಮಿಂಚಂಚೆಯಲ್ಲಿ, ಮೂಲ ಬರಹ ಅವನ ಲ್ಯಾಪ್‌ಟಾಪಿನಲ್ಲಿ, ಹೇಗೆ ನಡೆಸುವುದೆಂಬ ವಿವರ ಅವನ ತಲೆಯಲ್ಲಿ. ಸ್ಟೋರ್‌ಕೀಪರರ ನೆನಪನ್ನು ಅವಲಂಬಿಸಿದ್ದ ಕಾರ್ಖಾನೆ ಈಗ ಊರು ಬಿಟ್ಟ ಹುಡುಗನ ನೆನಪನ್ನು ಅವಲಂಬಿಸುತ್ತದೆ. ಸ್ಟೋರ್‌ಕೀಪರರಾದರೂ ಮರುದಿನ ಕೆಲಸಕ್ಕೆ ಬರುತ್ತಿದ್ದರು.

ಉದಾಹರಣೆಯ ಕಾರ್ಖಾನೆಯಲ್ಲಿ ಏಪ್ರಿಲ್ 1ರಿಂದ ಜೂನ್ ಕೊನೆಯವರೆಗೆ ಕೈಬರಹದ ರಿಜಿಸ್ಟರ್ ಮತ್ತು ತಂತ್ರಾಂಶ ಎರಡನ್ನೂ ನಡೆಸಲಾಯಿತು. ಪ್ರತಿ ಶನಿವಾರ ಎರಡನ್ನೂ ತಾಳೆ ನೋಡಿ ವ್ಯತ್ಯಾಸ ಬರೆದಿಡಲಾಯಿತು. ಮೊದಲ ವಾರ ಹದಿನಾಲ್ಕು ವ್ಯತ್ಯಾಸ, ಕೊನೆಯ ವಾರ ಒಂದು. ಆ ಒಂದು ರಿಜಿಸ್ಟರಿನ ತಪ್ಪಾಗಿತ್ತು. ಮೂಲ ಬರಹವನ್ನು ಕಂಪನಿಯ ಹೆಸರಿನ ಖಾತೆಯಲ್ಲಿ ಇಡಲಾಯಿತು, ಪಾಸ್‌ವರ್ಡುಗಳನ್ನು ಮೊಹರು ಮಾಡಿದ ಲಕೋಟೆಯಲ್ಲಿ ಚೆಕ್ ಪುಸ್ತಕಗಳೊಂದಿಗೆ. ತಿಂಗಳ ಕೊನೆಗೆ ಇಡೀ ದತ್ತಾಂಶವನ್ನು ಎಕ್ಸೆಲ್ ಹಾಳೆಯಾಗಿ ಹೊರತೆಗೆಯುವ ಏರ್ಪಾಡನ್ನೂ ಆಕೆ ಮಾಡಿದ್ದಳು. ತಂತ್ರಾಂಶ ಒಂದು ದಿನ ನಿಂತೇ ಹೋದರೂ ದಾಖಲೆ ಓದಲು ಬರುತ್ತದೆ.

ಕೊನೆಯ ತಿಂಗಳು ಆಕೆ ಹೊಸದೇನನ್ನೂ ಬರೆಯಲಿಲ್ಲ. ಬಳಕೆಯ ವಿವರವನ್ನು ಕನ್ನಡದಲ್ಲಿ ಹನ್ನೊಂದು ಪುಟಗಳಲ್ಲಿ ಬರೆದಳು. ಅದು ಸರಿಯಿದೆಯೇ ಎಂದು ಪರೀಕ್ಷಿಸಿದ ಬಗೆ ಗಮನಾರ್ಹ. ಆಕೆ ಒಂದು ವಾರ ರಜೆ ಹಾಕಿದಳು. ಸ್ಟೋರ್‌ಕೀಪರರು ಪುಟಗಳನ್ನು ನೋಡಿಕೊಂಡು ಒಬ್ಬರೇ ನಡೆಸಿದರು. ಐದು ಕಡೆ ಸಿಕ್ಕಿಬಿದ್ದರು. ಆ ಐದೂ ಕಡೆ ಪೆನ್ಸಿಲಿನಲ್ಲಿ ಗುರುತು ಹಾಕಿಟ್ಟಿದ್ದರು. ಮರಳಿ ಬಂದ ಆಕೆ ಆ ಪುಟಗಳನ್ನು ತಿದ್ದಿ ಬರೆದಳು.

ತರಬೇತಿ ಮುಗಿದ ಮೇಲೆ ಕೆಲಸ ಕೊಡಲೇಬೇಕೆಂಬ ಕಟ್ಟುಪಾಡು ಅಧಿನಿಯಮದಲ್ಲಿಲ್ಲ. ನೇಮಕಾತಿಯ ಬಗ್ಗೆ ಪ್ರತಿ ಮಾಲೀಕರೂ ತಮ್ಮದೇ ನೀತಿಯನ್ನು ರೂಪಿಸಿಕೊಳ್ಳಬೇಕೆಂದು 2014ರ ತಿದ್ದುಪಡಿಯ ನಂತರದ ಕಲಂ 22 ಹೇಳುತ್ತದೆ. ಮಾಲೀಕರು ಕೆಲಸ ಕೊಡಲು ಮುಂದಾದರು. ಆಕೆ ಹುಬ್ಬಳ್ಳಿಯ ಒಂದು ತಂತ್ರಾಂಶ ಕಂಪನಿಯನ್ನು ಆರಿಸಿಕೊಂಡಳು. ಸಂದರ್ಶನದಲ್ಲಿ ಆಕೆಯನ್ನು ಹೆಚ್ಚು ಹೊತ್ತು ಕೇಳಿದ್ದು 72 ಕಿಲೋ ಬೋರಿಂಗಿನ ಬಗ್ಗೆ. ಕಾರ್ಖಾನೆ ಆಗಸ್ಟಿನಿಂದ ಮತ್ತೊಬ್ಬ ವಿದ್ಯಾರ್ಥಿಯನ್ನು ತೆಗೆದುಕೊಂಡಿದೆ. ಅವನಿಗೆ ಮೊದಲ ವಾರ ಕೊಟ್ಟ ಕೆಲಸ ಆ ಹನ್ನೊಂದು ಪುಟಗಳನ್ನು ಓದಿಕೊಂಡು ಸ್ಟೋರ್ಸಿನಲ್ಲಿ ಕಾಕಾನ ಪಕ್ಕ ಕುಳಿತುಕೊಳ್ಳುವುದು.